ಮೇಷ್ಟ್ರು ಎದುರಿಗಿರುವಾಗಲೇ

(ಹಿರಿಯ ಶಾಸಕರೊಬ್ಬರಿಗೆ 84 ತುಂಬಿದ ಸಂದರ್ಭದಲ್ಲಿ ಅವರ ಸದನದ ಒಡನಾಡಿಗಳು ಬೆಂಗಳೂರಿನಲ್ಲಿ ಸೇರಿದ್ದ ಸಭೆಯಲ್ಲಿ ನಾನು ಆಡಿದ ಮಾತಿನ ಬರಹ ರೂಪ. ವಿಧಾನಮಂಡಲದಲ್ಲಿ ಸದನದ ಮಾತುಗಳನ್ನು ಬರೆದುಕೊಳ್ಳುವ ವರದಿಗಾರ್ತಿಯಾಗಿ ದುಡಿದು ನಿವೃತ್ತಳಾದವಳು ನಾನು. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ಮಾತ್ರ ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಅಧಿವೇಶನ ಶುರುವಾದಾಗ ಸದನದಲ್ಲಿ ಬೇರೆ ಕಲಾಪಕ್ಕಿಂತ ಮೊದಲು ತೀರಿಕೊಂಡವರ ನೆನಪು ಮಾಡುತ್ತಾರೆ. ಹಿಂದಿನ ಅಧಿವೇಶನ ಮುಗಿದ ಮೇಲೆ ಹೋದ ಹಾಲಿ, ಮಾಜಿ ಸದಸ್ಯರ ಹೆಸರುಗಳನ್ನು ಸಭಾಧ್ಯಕ್ಷರು ಓದುತ್ತಾರೆ. ಹುಟ್ಟಿದ ಊರು, ಗೆದ್ದ ಕ್ಷೇತ್ರ, ನಿರ್ವಹಿಸಿದ ಖಾತೆ. ಆಮೇಲೆ ಮುಖ್ಯಮಂತ್ರಿಗಳು, ವಿರೋಧ ಪಕ್ಷದ ನಾಯಕರು, ಒಬ್ಬೊಬ್ಬರೇ ಎದ್ದು ಮಾತಾಡುತ್ತಾರೆ. ಕೊನೆಗೆ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ. ಅದರ ಪ್ರತಿ ಮನೆಯವರಿಗೆ ಹೋಗುತ್ತದೆ. ಇದಕ್ಕೆ ಸಂತಾಪ ಸೂಚನೆ ಅನ್ನುತ್ತೇವೆ.

1979ರಲ್ಲಿ ಕೆಲಸಕ್ಕೆ ಸೇರಿ 2013ರಲ್ಲಿ ನಿವೃತ್ತಳಾಗುವವರೆಗೆ ಇಂಥ ಎಷ್ಟು ಮಾತುಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡಿದ್ದೇನೋ ಲೆಕ್ಕವಿಲ್ಲ. ಬರೆಯುವಾಗ ಒಂದು ಸಂಕಟ ಆಗುತ್ತಿತ್ತು. ಹತ್ತು ವರ್ಷ ದಿನಾ ಕಣ್ಣೆದುರು ಕಂಡ ಮನುಷ್ಯ ಒಳ್ಳೆಯ ತತ್ವಪದ ಹಾಡುತ್ತಿದ್ದರು ಅಂತ ನನಗೆ ಗೊತ್ತಾಗುತ್ತಿದ್ದದ್ದು ಅವರು ಹೋದ ಮೇಲೆ. ಇನ್ನೊಬ್ಬರು ತಮ್ಮ ಎದುರಾಳಿಯ ಮಗಳ ಕಾಲೇಜು ಫೀಸು ಕಟ್ಟಿದ್ದರು ಅಂತ ಆ ಎದುರಾಳಿಯೇ ಎದ್ದು ನಿಂತು ಗಂಟಲು ಕಟ್ಟಿ ಹೇಳುತ್ತಿದ್ದರು. ಯಾರ ಬಗ್ಗೆ ಹೇಳುತ್ತಿದ್ದಾರೋ ಅವರ ಕುರ್ಚಿ ಖಾಲಿ. ಇದನ್ನು ಇವರು ಕೇಳಿಸಿಕೊಂಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನ್ನಿಸುತ್ತಿತ್ತು, ಕೈ ಮಾತ್ರ ಓಡುತ್ತಲೇ ಇರಬೇಕು.

ಅದಕ್ಕೇ ಮೇಷ್ಟ್ರ ಗೆಳೆಯರು ಫೋನ್ ಮಾಡಿ, "ಮೇಷ್ಟ್ರಿಗೆ 84 ತುಂಬ್ತಮ್ಮ, ನೀವೂ ನಾಲ್ಕು ಮಾತಾಡ್ಬೇಕು" ಅಂದಾಗ ಹಿಂದೆ ಮುಂದೆ ನೋಡದೆ ಒಪ್ಪಿಕೊಂಡೆ. ನಾನು ಹೇಳುವುದನ್ನು ಅವರು ಎದುರಿಗೆ ಕೂತು ಕೇಳುತ್ತಾರೆ. ತಪ್ಪಿದ್ದರೆ ತಿದ್ದುತ್ತಾರೆ.

ಮೇಷ್ಟ್ರು ಅಂತಲೇ ಕರೆಯುತ್ತೇನೆ. ಸದನದಲ್ಲಿ "ಮಾನ್ಯ ಸದಸ್ಯರು", ಮೊಗಸಾಲೆಗೆ ಬಂದರೆ ಎಲ್ಲರಿಗೂ ಮೇಷ್ಟ್ರು. ಬಯಲುಸೀಮೆಯ ಹಳ್ಳಿಯೊಂದರ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು, ಕೆಲಸ ಬಿಟ್ಟು 1978ರ ಚುನಾವಣೆಗೆ ನಿಂತರು. ಗೆದ್ದರು, 1983ರಲ್ಲಿ ಸೋತರು, ಮತ್ತೆ ಗೆದ್ದರು, ಮತ್ತೆ ಸೋತರು. ಮಂತ್ರಿ ಆಗಲಿಲ್ಲ. ನಿಗಮ ಮಂಡಳಿ ಅಧ್ಯಕ್ಷರೂ ಆಗಲಿಲ್ಲ. ಆದರೂ ಇವತ್ತು ಈ ಸಭಾಂಗಣದಲ್ಲಿ ಮೂರು ಪಕ್ಷದವರು ಕೂತಿದ್ದೀರಿ, ಯಾವ ಪಕ್ಷಕ್ಕೂ ಸೇರದೆ ಗೆದ್ದು ಬಂದಿದ್ದ ಇಬ್ಬರೂ ಇದ್ದೀರಿ. ಕೆಲವರು ಊರುಗೋಲು ಹಿಡಿದು ಮೊಮ್ಮಕ್ಕಳ ಜೊತೆ ಬಂದಿದ್ದೀರಿ. ಅಧಿಕಾರದಲ್ಲಿ ಇರುವವರ ಹುಟ್ಟುಹಬ್ಬಕ್ಕೆ ಜನ ಸೇರುವುದು ಸಹಜ. ಕೊಡುವುದಕ್ಕೆ ಕೈಯಲ್ಲಿ ಏನೂ ಇಲ್ಲದ 84 ವರ್ಷದವರಿಗಾಗಿ ನೀವೆಲ್ಲ ಬಂದದ್ದು ನೋಡಿ ನನಗೆ ಮಾತು ಹೊರಡಲು ಸ್ವಲ್ಪ ಹೊತ್ತು ಬೇಕಾಯಿತು.

ಈ ಹುಟ್ಟಿದ ದಿನದ್ದೇ ಒಂದು ಕಥೆ ಇದೆ. ಸದಸ್ಯರ ಪರಿಚಯದ ಪುಸ್ತಕ ತೆಗೆದು ನೋಡಿದರೆ ಮೇಷ್ಟ್ರು ಹುಟ್ಟಿದ್ದು ಜೂನ್ 1. ಆ ತಲೆಮಾರಿನ ಎಷ್ಟೋ ಜನ ಜೂನ್ 1ರಂದೇ ಹುಟ್ಟಿದವರು. ಶಾಲೆಗೆ ಸೇರಿಸಲು ಕರೆತಂದ ಅಪ್ಪನಿಗೆ ತಾರೀಖು ಗೊತ್ತಿರುತ್ತಿರಲಿಲ್ಲ. ಹೆಡ್ ಮೇಷ್ಟ್ರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿ ನೋಡುತ್ತಿದ್ದರು. ಮುಟ್ಟಿದರೆ ಶಾಲೆಗೆ ಬರುವ ವಯಸ್ಸು, ದಾಖಲಾತಿಯಲ್ಲಿ ಜೂನ್ 1. ಮೇಷ್ಟ್ರ ತಾಯಿ ಹೇಳುತ್ತಿದ್ದದ್ದು ಬೇರೆ: "ಸಂಕ್ರಾಂತಿ ಆಗಿ ವಾರಕ್ಕೆ, ಅವರೆಕಾಯಿ ಸೊಗಡು ಇಳಿಯೋ ಹೊತ್ತಿಗೆ ಹುಟ್ಟಿದ್ದು." ಮೇಷ್ಟ್ರು ಅಮ್ಮನ ಲೆಕ್ಕವನ್ನೇ ಹಿಡಿದುಕೊಂಡರು. ಅದಕ್ಕೇ ಇವತ್ತು ಬಾಗಿಲಲ್ಲಿ ನಿಮಗೆಲ್ಲ ಅವರೆಕಾಳು ಉಪ್ಪಿಟ್ಟು ಕೊಟ್ಟದ್ದು. ಹಾರ ಬೇಡ, ಶಾಲು ಬೇಡ, ಪೇಟ ಬೇಡ ಅಂತ ಅವರು ಮೊದಲೇ ಹೇಳಿದ್ದರಂತೆ. ಉಪ್ಪಿಟ್ಟಿನ ಖರ್ಚನ್ನು ಗೆಳೆಯರು ಹಂಚಿಕೊಂಡಿದ್ದಾರೆ.

ನಮ್ಮ ಊರಿನಲ್ಲಿ ರಾಜಕಾರಣಿಗಳ ಹುಟ್ಟುಹಬ್ಬ ಹೇಗೆ ನಡೆಯುತ್ತದೆ ನಿಮಗೆ ಗೊತ್ತು. ಕ್ರೇನಿನಲ್ಲಿ ಸೇಬಿನ ಹಾರ ಎತ್ತುತ್ತಾರೆ, ಕತ್ತಿಯಲ್ಲಿ ಕೇಕು ಕತ್ತರಿಸುತ್ತಾರೆ, ಸರ್ಕಲ್ಲಿನ ಸಿಗ್ನಲ್ ಕಾಣದ ಹಾಗೆ ಫ್ಲೆಕ್ಸು ಕಟ್ಟುತ್ತಾರೆ. 2018ರಲ್ಲಿ ಹೈಕೋರ್ಟು ಗದರಿಸಿದ ಮೇಲೆ ಪಾಲಿಕೆಯವರು ರಾತ್ರೋರಾತ್ರಿ ಕಿತ್ತರು, ಕೆಲವು ದಿನ ಊರು ಊರಿನ ಹಾಗೆ ಕಂಡಿತು. ನನಗೆ ಅದರಲ್ಲಿ ಬೇಸರ ತರುವುದು ಖರ್ಚಿಗಿಂತ ಹೆಚ್ಚಾಗಿ ಇನ್ನೊಂದು: ಆ ಫ್ಲೆಕ್ಸಿನಲ್ಲಿ ಹುಟ್ಟುಹಬ್ಬದವರ ಮುಖ ಇರುತ್ತದೆ, ಶುಭ ಕೋರುವವರ ಮುಖಗಳು ಸಾಲಾಗಿ ಇರುತ್ತವೆ, ಆ ಮನುಷ್ಯ ಮಾಡಿದ ಒಂದೇ ಒಂದು ಕೆಲಸ ಇರುವುದಿಲ್ಲ.

ಕೆಲಸದ ವಿಷಯ ಬಂದಿತಲ್ಲ, ಮೇಷ್ಟ್ರು ಪ್ರಶ್ನೆ ಕೇಳುತ್ತಿದ್ದ ರೀತಿ ಹೇಳಲೇಬೇಕು.

ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಅಂತ ಒಂದಿದೆ. ಮೊದಲೇ ಬರವಣಿಗೆಯಲ್ಲಿ ಕೊಟ್ಟಿರಬೇಕು, ಮಂತ್ರಿಗಳು ಸದನದಲ್ಲೇ ಉತ್ತರಿಸಬೇಕು. ಅದರ ಬೆಲೆ ಇರುವುದು ಉಪಪ್ರಶ್ನೆಯಲ್ಲಿ. ಮೊದಲ ಉತ್ತರವನ್ನು ಇಲಾಖೆಯವರು ಬರೆದುಕೊಟ್ಟಿರುತ್ತಾರೆ, ಮಂತ್ರಿಗಳು ಓದುತ್ತಾರೆ. ಉಪಪ್ರಶ್ನೆಗೆ ಕಾಗದ ಇರುವುದಿಲ್ಲ. ಅಧಿಕಾರಿಗಳ ಗ್ಯಾಲರಿಯಿಂದ ಚೀಟಿ ಓಡುವುದು ಆಗಲೇ.

ನಾನು ಸೇರಿದ ಹೊಸತು. ಭೂಸುಧಾರಣೆಯ ಕಾಲ. 1961ರ ಕಾಯ್ದೆಗೆ 1974ರಲ್ಲಿ ದೊಡ್ಡ ತಿದ್ದುಪಡಿ ಆಗಿ, ಗೇಣಿದಾರರು ತಾವು ಉಳುವ ಜಮೀನು ತಮ್ಮ ಹೆಸರಿಗಾಗಲಿ ಅಂತ ಏಳನೇ ನಂಬರ್ ಫಾರಂ ತುಂಬಿ ಭೂ ನ್ಯಾಯಮಂಡಳಿಗಳ ಮುಂದೆ ನಿಂತಿದ್ದ ಕಾಲ. ಮೇಷ್ಟ್ರು ಎದ್ದು ಕೇಳಿದರು: ನಮ್ಮ ತಾಲ್ಲೂಕಿನಲ್ಲಿ ಎಷ್ಟು ಅರ್ಜಿ ಬಂದಿವೆ? ಮಂತ್ರಿಗಳು ಸಂಖ್ಯೆ ಓದಿದರು. ಎಷ್ಟು ತೀರ್ಮಾನ ಆಗಿವೆ? ಅದನ್ನೂ ಓದಿದರು, ಮೇಜು ಕುಟ್ಟಿದ ಸದ್ದು ಕೇಳಿಸಿತು. ಮೇಷ್ಟ್ರು ಕೂರಲಿಲ್ಲ. "ಆದೇಶ ಆದವರಲ್ಲಿ ಎಷ್ಟು ಜನರ ಹೆಸರು ಪಹಣಿಯಲ್ಲಿ ಕೂತಿದೆ?" ಅಂದರು. ಸದನ ಸುಮ್ಮನಾಯಿತು. ಚೀಟಿ ಬರಲಿಲ್ಲ. ಆ ಮೂರನೆಯ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಮೊದಲ ಎರಡು ಸಂಖ್ಯೆಗಳಿಂದ ಬಡವನ ಮನೆಗೆ ಏನೂ ಬರುವುದಿಲ್ಲ. ಪಹಣಿಯಲ್ಲಿ ಹೆಸರಿಲ್ಲ ಅಂದರೆ ಸೊಸೈಟಿಯಲ್ಲಿ ಸಾಲ ಇಲ್ಲ, ಬರಗಾಲದ ಪರಿಹಾರ ಇಲ್ಲ, ನಾಳೆ ಧಣಿ ಬಂದು ಇಳಿ ಅಂದರೆ ತೋರಿಸಲು ಕಾಗದವಿಲ್ಲ. ಮೇಜಿನ ಮುಂದೆ ಪೆನ್ಸಿಲ್ ಹಿಡಿದು ಕೂತಿದ್ದ ನನಗೆ ಇದೆಲ್ಲ ತಿಳಿಯುತ್ತಿರಲಿಲ್ಲ. ಅವತ್ತು ಬರೆದದ್ದನ್ನು ಸಂಜೆ ಟೈಪು ಮಾಡುವಾಗ ಅರ್ಥವಾಯಿತು. ಗೇಣಿ ಮಾಡುತ್ತಿದ್ದ ನನ್ನ ಸೋದರಮಾವನ ಮನೆಯ ಪರಿಸ್ಥಿತಿ ಏನು ಅಂತ ಊರಿಗೆ ಕಾಗದ ಬರೆದು ಕೇಳಿದೆ.

ಈ ಮಾತು ಹೇಳುವಾಗ ಶಾಂತವೇರಿ ಗೋಪಾಲಗೌಡರು ನೆನಪಾಗದೆ ಇರಲಾರರು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಅವರು ಹೋಗಿ ಏಳು ವರ್ಷ. ನೋಡಿದ್ದು ಗ್ರಂಥಾಲಯದ ನಡಾವಳಿ ಸಂಪುಟಗಳಲ್ಲಿ ಮಾತ್ರ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಪರ ನಿಂತವರು, ಮರುವರ್ಷವೇ ಮೊದಲ ಚುನಾವಣೆಯಲ್ಲಿ ಗೆದ್ದು ಬಂದರು. ಆಗ ವಯಸ್ಸು 29. 'ಒಂದು ಓಟು, ಒಂದು ನೋಟು' ಅಂತ ಜನರ ಹತ್ತಿರವೇ ಖರ್ಚಿಗೆ ಕೇಳಿದವರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಈ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಬೇಕು ಅಂತ ಹಂಬಲಿಸಿದವರು. ಆ ನಿರ್ಣಯ ಸದನದಲ್ಲಿ ಅಂಗೀಕಾರವಾದದ್ದು 1972ರ ಜುಲೈನಲ್ಲಿ. ಅವರು ತೀರಿಕೊಂಡದ್ದು ಅದೇ ವರ್ಷ ಜೂನ್ 9ಕ್ಕೆ. ಕೆಲವೇ ವಾರಗಳ ಅಂತರ! ಹುಟ್ಟಿದ್ದು 1923ರ ಮಾರ್ಚ್ 14. ಅಂದರೆ ಐವತ್ತು ತುಂಬಲಿಲ್ಲ. ಅವರ ಸದನದ ಗೆಳೆಯರಿಗೆ ಹೀಗೊಂದು ಸಭಾಂಗಣ ಹಿಡಿದು, ಅವರನ್ನು ಎದುರಿಗೆ ಕೂರಿಸಿಕೊಂಡು ಮಾತಾಡುವ ಭಾಗ್ಯ ಸಿಗಲಿಲ್ಲ. ವಿಧಾನಸೌಧದ ಪಕ್ಕದ ಸರ್ಕಲ್ಲಿಗೆ ಅವರ ಹೆಸರಿದೆ. ಬಸ್ಸಿನಲ್ಲಿ ಆ ಕಡೆ ಹೋಗುವಾಗೆಲ್ಲ ನನಗೆ ಆ ಕೆಲವು ವಾರಗಳದ್ದೇ ಯೋಚನೆ.

ಅಬ್ದುಲ್ ನಜೀರ್ ಸಾಬರದ್ದೂ ಹಾಗೆಯೇ. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ ಜನರ ಬಾಯಲ್ಲಿ ನೀರ್ ಸಾಬ್ ಆದವರು. 1983ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಕಾಯ್ದೆಯ ಹಿಂದೆ ಇದ್ದವರು. ಆ ಕಾಯ್ದೆಯಲ್ಲೇ ಹೆಣ್ಣುಮಕ್ಕಳಿಗೆ ನೂರಕ್ಕೆ 25 ಸ್ಥಾನ ಬಂತು. 1988ರ ಅಕ್ಟೋಬರ್‌ನಲ್ಲಿ ಹೋದಾಗ 55 ವರ್ಷ. ಅವರ ಹುಟ್ಟಿದ ದಿನ ಡಿಸೆಂಬರ್ 25. ಅದು ಎಷ್ಟು ಜನರಿಗೆ ನೆನಪಿದೆ?

ಹಿಂದಿನವರು ಎಂಬತ್ತು ದಾಟಿದವರನ್ನು ಸಾವಿರ ಹುಣ್ಣಿಮೆ ಕಂಡವರು ಅನ್ನುತ್ತಿದ್ದರು. ಮೇಷ್ಟ್ರೇ, ನೀವು ಕಂಡಿದ್ದೀರಿ. ಈ ಇಬ್ಬರು ಕಾಣಲಿಲ್ಲ. ಹಾಗಾಗಿ ಇವತ್ತಿನ ಸಭೆ ನನಗೆ ಬರೀ ಸಂತೋಷಕೂಟವಲ್ಲ.

ಇನ್ನು ನನ್ನ ಮನಸ್ಸಿನಲ್ಲಿ ಬಹಳ ವರ್ಷದಿಂದ ಕೂತಿರುವ ಒಂದು ಪ್ರಸಂಗ. ಅದಕ್ಕೆ ಸಂಬಂಧಪಟ್ಟ ಇಬ್ಬರೂ ಇಲ್ಲಿದ್ದಾರೆ, ಇಬ್ಬರ ಒಪ್ಪಿಗೆಯನ್ನೂ ಬೆಳಿಗ್ಗೆಯೇ ಪಡೆದಿದ್ದೇನೆ.

1981ರಲ್ಲಿ ಒಂದು ಮಧ್ಯಾಹ್ನ, ಇಲಾಖೆಗಳ ಅನುದಾನದ ಬೇಡಿಕೆಗಳ ಮೇಲೆ ಚರ್ಚೆ. ಎದುರು ಸಾಲಿನ ಸದಸ್ಯರೊಬ್ಬರು ಮೇಷ್ಟ್ರು ಹೇಳಿದ ಅಂಕಿ ತಪ್ಪು ಅಂದರು. ಮಾತಿಗೆ ಮಾತು ಬೆಳೆಯಿತು. ಮೇಷ್ಟ್ರು ಸಿಟ್ಟಿನಲ್ಲಿ, "ನಿಮಗೂ ಲೆಕ್ಕ ಬರಲ್ಲ, ನಿಮ್ಮಪ್ಪನಿಗೂ ಬರ್ತಿರಲಿಲ್ಲ" ಅಂದುಬಿಟ್ಟರು. ಆ ಸದಸ್ಯರ ತಂದೆ ಓದು ಬಾರದ ರೈತರು, ತೀರಿಕೊಂಡು ವರ್ಷವೂ ಆಗಿರಲಿಲ್ಲ. ಸದನದಲ್ಲಿ ಭಾರಿ ಗಲಾಟೆ. ಕಲಾಪವನ್ನು ಮುಂದೂಡಿದರು.

ಸಂಜೆ ಮೇಷ್ಟ್ರು ನಮ್ಮ ಕೊಠಡಿಗೆ ಬಂದರು. ಸದಸ್ಯರು ತಮ್ಮ ಭಾಷಣದ ಬೆರಳಚ್ಚು ಪ್ರತಿ ನೋಡಿ, ನಾವು ತಪ್ಪಾಗಿ ಕೇಳಿಸಿಕೊಂಡದ್ದನ್ನು ತಿದ್ದಿಕೊಡಬಹುದು. ಆಡಿದ ಮಾತಿನ ತಿರುಳು ಬದಲಿಸುವಂತಿಲ್ಲ. ಆದರೂ ಕೆಲವರು ಬಂದು, "ಅದೊಂದು ಸ್ವಲ್ಪ ಮೆತ್ತಗೆ ಮಾಡಮ್ಮ" ಅಂತ ಕೇಳುವುದಿತ್ತು. ಇವರೂ ಅದಕ್ಕೇ ಬಂದರು ಅಂದುಕೊಂಡೆ. ಅವರು ಕೂತು, ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ನಾನು ಬರೆದಿದ್ದ ಒಂದು ಅಂಕಿ ತಪ್ಪಾಗಿತ್ತು, ಪೆನ್ಸಿಲಿನಲ್ಲಿ ತಿದ್ದಿದರು. ಅಪ್ಪನ ಮಾತು ಬಂದ ಸಾಲಿನ ಮೇಲೆ ಪೆನ್ಸಿಲ್ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಕಾಗದ ನನ್ನ ಕಡೆ ಸರಿಸಿ, "ಅದು ನಾನೇ ಆಡಿದ್ದಮ್ಮ. ಇರಲಿ. ನಾಳೆ ಇನ್ನೊಂದು ಮಾತು ಆಡ್ತೀನಿ. ಅದನ್ನೂ ಹೀಗೇ ಬರ್ಕೊಳ್ಳಿ" ಅಂದರು.

ಮರುದಿನ ಪ್ರಶ್ನೋತ್ತರ ಮುಗಿದ ಮೇಲೆ ಸಭಾಧ್ಯಕ್ಷರ ಅಪ್ಪಣೆ ಪಡೆದು ಎದ್ದರು. ಗೆಳೆಯರ ತಂದೆಯವರ ಬಗ್ಗೆ ತಾನು ಆಡಿದ್ದು ತಪ್ಪು, ಲೆಕ್ಕ ಬಾರದೆಯೂ ಆ ಹಿರಿಯರು ಯಾರಿಗೂ ಬಾಕಿ ಉಳಿಸದೆ ಬದುಕಿದರು ಅಂತ ಊರಿನವರಿಂದ ಕೇಳಿ ತಿಳಿದೆ, ಕ್ಷಮಿಸಬೇಕು ಅಂದರು. ಒಂದು ರಾತ್ರಿಯಲ್ಲಿ ಯಾರಿಗೋ ಟ್ರಂಕ್ ಕಾಲ್ ಮಾಡಿ ವಿಚಾರಿಸಿದ್ದರು. ಎರಡೂ ಮಾತು ಸಂಪುಟದಲ್ಲಿ ಹಾಗೇ ಇವೆ. ಆಡಿದ್ದನ್ನು ಕಡತದಿಂದ ತೆಗೆಸಲು ನೋಡುವವರ ನಡುವೆ, ಅದನ್ನು ಅಲ್ಲೇ ಬಿಟ್ಟು ಮುಂದಿನ ಪುಟದಲ್ಲಿ ತಲೆ ಬಾಗಿದವರನ್ನು ನನ್ನ 34 ವರ್ಷದ ಕೆಲಸದಲ್ಲಿ ಇನ್ನೊಬ್ಬರನ್ನು ನೋಡಲಿಲ್ಲ.

1983ರ ಜನವರಿಯಲ್ಲಿ ಮೇಷ್ಟ್ರು ಸೋತರು. ಶಾಸಕರ ಭವನದ ಕೊಠಡಿ ಖಾಲಿ ಮಾಡಬೇಕು. ಸೋತವರ ಕೊಠಡಿಯ ಕಡೆಗೆ ಯಾರೂ ಸುಳಿಯುವುದಿಲ್ಲ, ಅದು ಇಲ್ಲಿರುವ ನಿಮಗೆಲ್ಲ ಅನುಭವದಿಂದ ಗೊತ್ತು. ಒಂದು ತಗಡಿನ ಟ್ರಂಕು, ತುಂಬ ಪ್ರಶ್ನೋತ್ತರದ ಕಾಗದ. ಅದನ್ನು ಆಟೋಗೆ ಹಾಕಿಕೊಂಡು ಮೆಜೆಸ್ಟಿಕ್‌ಗೆ ಬಂದು, ಬಸ್ಸಿನ ಹಿಂದಿನ ಏಣಿ ಹತ್ತಿ ಟಾಪಿನ ಮೇಲೆ ಇಟ್ಟು ಹಗ್ಗ ಬಿಗಿದವರು ಯಾರು? ಅಪ್ಪನ ಮಾತು ಕೇಳಿಸಿಕೊಂಡಿದ್ದ ಅದೇ ಸದಸ್ಯರು. ಅವರು ಆ ಚುನಾವಣೆಯಲ್ಲಿ ಗೆದ್ದಿದ್ದರು. ಬಿಳಿ ಅಂಗಿಗೆ ತುಕ್ಕು ಹತ್ತಿಸಿಕೊಂಡು ವಾಪಸು ಬಂದರು ಅಂತ ನಮ್ಮ ಕಚೇರಿಯ ಜವಾನರು ನೋಡಿ ಬಂದು ಹೇಳಿದರು. ಇವತ್ತು ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಸಾರ್, ದಯವಿಟ್ಟು ಮೇಷ್ಟ್ರ ಪಕ್ಕ ಬಂದು ಕೂತುಕೊಳ್ಳಿ. ಆ ಕುರ್ಚಿ ನಿಮಗೇ ಅಂತ ಬಿಟ್ಟಿದ್ದೇವೆ.

ಇದನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. ಇಂಥ ಸ್ನೇಹ ಪಕ್ಕಪಕ್ಕ, ಎದುರುಬದುರು ಗಂಟೆಗಟ್ಟಲೆ ಕೂತದ್ದರಿಂದ ಹುಟ್ಟುವುದು. ರಾತ್ರಿ ಹತ್ತರವರೆಗೆ ಚರ್ಚೆ ಎಳೆದಾಗ ಒಬ್ಬರ ಡಬ್ಬಿಯ ಚಿತ್ರಾನ್ನ ಇನ್ನೊಬ್ಬರು ತಿಂದದ್ದರಿಂದ, ಮಂಗಳೂರಿನವರ ಕನ್ನಡ ಕಲಬುರಗಿಯವರಿಗೆ ಮೊದಲು ತಿಳಿಯದೆ ಆಮೇಲೆ ತಿಳಿದದ್ದರಿಂದ. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕು ಅಂತ 2005ರಲ್ಲಿ ಈ ಸದನಗಳೇ ಕಾಯ್ದೆ ಮಾಡಿಕೊಂಡವು. ಆ 60 ಬಹುತೇಕ ವರ್ಷಗಳಲ್ಲಿ ತುಂಬುವುದಿಲ್ಲ. ಸೇರಿದ ದಿನವೂ ಸಭಾಧ್ಯಕ್ಷರ ಪೀಠದ ಮುಂದಿನ ಬಾವಿಗಿಳಿದು ಧರಣಿ, ಕೂಗಾಟದ ನಡುವೆ ವಿಧೇಯಕಗಳು ಒಂದರ ಹಿಂದೊಂದು ಪಾಸು. ಅಂಥ ದಿನ ನಮ್ಮ ಕೆಲಸ ಹಗುರ ಅಂತ ಹೊರಗಿನವರು ತಿಳಿದಿದ್ದರು. ಪುಟದ ನಡುವೆ 'ಗೊಂದಲ' ಅಂತ ಬರೆದರೆ ಮುಗಿಯಿತು. ಆ ಒಂದು ಪದ ಬರೆಯುವಾಗ ಕೈಗೆ ಬರುವ ಭಾರ ನನಗೆ ಗೊತ್ತು. ಯಾವುದೋ ತಾಲ್ಲೂಕಿನ ಒಬ್ಬ ಸದಸ್ಯ ರಾತ್ರಿಯಿಡೀ ಕೂತು ತಯಾರಿ ಮಾಡಿಕೊಂಡ ಪ್ರಶ್ನೆ ಆ ಪದದ ಅಡಿಗೆ ಹೋಗಿರುತ್ತದೆ.

ಮೊದಲ ಸಲ ಗೆದ್ದ ಇಬ್ಬರು ಯುವ ಶಾಸಕರು ಇವತ್ತು ಇಲ್ಲಿ ಬಂದಿದ್ದಾರೆ. ಅಪ್ಪಾ, ನಿಮ್ಮಿಬ್ಬರ ಪಕ್ಷ ಬೇರೆ ಬೇರೆ, ಹೊರಗೆ ನಿಮ್ಮ ಕಾರುಗಳು ಅಕ್ಕಪಕ್ಕ ನಿಂತಿವೆ. ಸದನದಲ್ಲಿ ಎಷ್ಟು ದಿನ ಎದುರುಬದುರು ಕೂತು ಪರಸ್ಪರರ ಮಾತು ಪೂರ್ತಿ ಕೇಳಿಸಿಕೊಂಡಿದ್ದೀರಿ? ಈ ಇಬ್ಬರು ಹಿರಿಯರ ಹತ್ತಿರ ಹೋಗಿ ಕೂತು ಕೇಳಿ. ಗಡಿಬಿಡಿ ಬೇಡ. ಉಪ್ಪಿಟ್ಟು ಇನ್ನೂ ಇದೆ.

ಕೊನೆಯದಾಗಿ ನಾನು ತಂದ ಉಡುಗೊರೆ. ಮೇಷ್ಟ್ರು ಸದನದಲ್ಲಿ ಆಡಿದ ಮೊದಲ ಭಾಷಣವನ್ನು, 1978ರದ್ದು, ಸಂಪುಟದಿಂದ ನೆರಳಚ್ಚು ಮಾಡಿಸಿ ತಂದಿದ್ದೇನೆ. ಅದು ನನ್ನ ಕೈಬರಹದಿಂದ ಬಂದದ್ದಲ್ಲ, ನಾನು ಸೇರುವ ಒಂದು ವರ್ಷ ಮೊದಲಿನದು. ಅದರಲ್ಲಿ ನೀವು ಒಂದೇ ಒಂದು ಬೇಡಿಕೆ ಇಟ್ಟಿದ್ದೀರಿ. ನಿಮ್ಮ ಶಾಲೆಗೂ ಆಚೆಯ ಊರಿಗೂ ನಡುವೆ ಒಂದು ಹಳ್ಳ. ವರ್ಷದಲ್ಲಿ ಎಂಟೋ ಹತ್ತೋ ದಿನ ಮಾತ್ರ ಹರಿಯುವ ಹಳ್ಳ. ಆ ದಿನಗಳಲ್ಲಿ ಆಚೆಯ ಮಕ್ಕಳ ಹಾಜರಿ ಇಲ್ಲ. ಪರೀಕ್ಷೆಯ ದಿನ ಹರಿದರೆ ಮಗುವಿಗೆ ಒಂದು ವರ್ಷ ನಷ್ಟ ಅಂತ ಹಾಜರಿ ಪುಸ್ತಕದ ಲೆಕ್ಕ ಹೇಳಿ ಸಣ್ಣ ಸೇತುವೆ ಕೇಳಿದ್ದೀರಿ. ನಂತರದ ಸಂಪುಟಗಳನ್ನು ತಿರುವಿದೆ. ಏಳು ಸಲ ಅದೇ ಸೇತುವೆ. ಎಂಟನೆಯ ಸಲ ಇಲ್ಲ.

ಯಾಕೆ ಕೇಳುವುದನ್ನು ಬಿಟ್ಟಿರಿ ಅಂತ ತಿಳಿಯಲು ಹೋದ ತಿಂಗಳು ಮಗನ ಜೊತೆ ನಿಮ್ಮ ಊರಿಗೆ ಹೋಗಿದ್ದೆ. ನಿಮಗೆ ಹೇಳಿರಲಿಲ್ಲ. ಸೇತುವೆ ಇದೆ, ಮೇಷ್ಟ್ರೇ. ಕಂಬಿಗೆ ಹೊಸ ಬಣ್ಣ ಹೊಡೆದಿದ್ದಾರೆ. ನಾವು ಹೋದದ್ದು ಸಂಜೆ ನಾಲ್ಕೂವರೆಗೆ, ಶಾಲೆ ಬಿಡುವ ಹೊತ್ತು. ಹಳ್ಳದಲ್ಲಿ ಒಂದು ಹನಿ ನೀರಿರಲಿಲ್ಲ. ಮಕ್ಕಳು ಸೇತುವೆಯ ಮೇಲೆ ಹೋಗದೆ ಕೆಳಗಿನ ಮರಳಿನಲ್ಲಿ ಇಳಿದು ಆಡಿಕೊಂಡು ಆಚೆ ದಾಟುತ್ತಿದ್ದರು. ಚೀಲ ಮಾತ್ರ ಸೇತುವೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದರು. ಫೋಟೋ ಇದೆ, ಇದೇ ಕವರಿನಲ್ಲಿ ಹಾಕಿದ್ದೇನೆ. ತಗೊಳ್ಳಿ.